ತಾನಿಲ್ಲದ ಹುಟ್ಟುಹಬ್ಬಕ್ಕೆ ವೈನ್ ಇಟ್ಟು ಹೋದ ಆಂದ್ರೆ ಸಿಮೋನ್

1977ರ ಫೆಬ್ರವರಿ 28ರಂದು ಲಂಡನ್ ನಗರದ ಸವಾಯ್ ಹೋಟೆಲಿನಲ್ಲಿ ಸುಮಾರು 400 ಮಂದಿ ಒಂದು ಹುಟ್ಟುಹಬ್ಬಕ್ಕಾಗಿ ಸೇರಿದ್ದರು. ಅದು ನೂರನೇ ಹುಟ್ಟುಹಬ್ಬ. ಆದರೆ ಯಾರ ಹುಟ್ಟುಹಬ್ಬವೋ ಅವರು ಅಲ್ಲಿರಲಿಲ್ಲ. ಅವರು ತೀರಿಕೊಂಡು ಆಗಲೇ ಆರೂವರೆ ವರ್ಷ ಕಳೆದಿತ್ತು. ಹಾಗಿದ್ದರೂ ಅಂದು ಅತಿಥಿಗಳ ಗ್ಲಾಸುಗಳಿಗೆ ಸುರಿದ ಕೆಂಪು ವೈನ್ ಅವರೇ ಆ ದಿನಕ್ಕೆಂದು ತೆಗೆದಿಟ್ಟು ಹೋದದ್ದು. ಫ್ರಾನ್ಸಿನ ಬೋರ್ಡೊ ಸೀಮೆಯ ಶಾತೋ ಲಾತೂರ್ ತೋಟದ 1945ರ ಫಸಲು. 32 ವರ್ಷ ಹಳೆಯದು.

ಆಂದ್ರೆ ಲೂಯಿ ಸಿಮೋನ್ ಎಂಬ ಹೆಸರು ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಹೊಸದಿರಬಹುದು. ವೈನ್ ವ್ಯಾಪಾರದಲ್ಲೂ ವೈನ್ ಕುರಿತ ಬರವಣಿಗೆಯಲ್ಲೂ ಇಂಗ್ಲೆಂಡಿನಲ್ಲಿ 20ನೇ ಶತಮಾನದ ಮೊದಲ ಅರ್ಧದಲ್ಲಿ ಅವರಷ್ಟು ದೊಡ್ಡ ಹೆಸರು ಇನ್ನೊಂದಿರಲಿಲ್ಲ. ನೂರಕ್ಕೂ ಮಿಕ್ಕಿ ಪುಸ್ತಕ, ಕಿರುಪುಸ್ತಕ ಬರೆದವರು. ದಿನದ ಬಲಿಪೂಜೆ ತಪ್ಪಿಸದ ಕಥೋಲಿಕ ಶ್ರೀಸಾಮಾನ್ಯರೂ ಹೌದು. ಹಳೆಯ ವೈನ್, ಗೆಳೆಯರು ಮತ್ತು ಹುಟ್ಟುಹಬ್ಬ, ಈ ಮೂರೂ ಅವರ ಬದುಕಿನಲ್ಲಿ ಹೇಗೆ ಒಂದಕ್ಕೊಂದು ಹೆಣೆದುಕೊಂಡವು ಎಂಬುದನ್ನು ಇಲ್ಲಿ ಹೇಳಬೇಕೆನಿಸಿದೆ.

ಅವರು ಹುಟ್ಟಿದ್ದು 1877ರ ಫೆಬ್ರವರಿ 28ರಂದು, ಪ್ಯಾರಿಸಿನ ಸೇಂಟ್ ಜರ್ಮೇನ್ ಪ್ರದೇಶದಲ್ಲಿ. ತಂದೆ ಪ್ರಕೃತಿ ದೃಶ್ಯಗಳನ್ನು ಬಿಡಿಸುವ ಚಿತ್ರಕಾರರು. ಐವರು ಗಂಡುಮಕ್ಕಳಲ್ಲಿ ಆಂದ್ರೆ ಎರಡನೆಯವರು. ಮಕ್ಕಳು ಇನ್ನೂ ಚಿಕ್ಕವರಿರುವಾಗಲೇ ತಂದೆ ಈಜಿಪ್ಟಿನಲ್ಲಿ ಬಿಸಿಲಿನ ಹೊಡೆತಕ್ಕೆ ಸಿಲುಕಿ ಸತ್ತರು. ಹುಡುಗನಿಗೆ ಪತ್ರಕರ್ತನಾಗುವ ಆಸೆ. ಇಂಗ್ಲಿಷ್ ಕಲಿಯಲೆಂದು 17ನೇ ವಯಸ್ಸಿನಲ್ಲಿ ಅವರನ್ನು ಇಂಗ್ಲೆಂಡಿನ ಸೌತಾಂಪ್ಟನ್ ಬಂದರು ಪಟ್ಟಣಕ್ಕೆ ಕಳುಹಿಸಲಾಯಿತು. ಭಾಷೆಯ ಜತೆಗೆ ಅಲ್ಲಿ ಅವರಿಗೆ ಸಿಕ್ಕಿದವರು ಎಡಿತ್ ಸೈಮನ್ಸ್ ಎಂಬ ಯುವತಿ. ಇವರಿಗೆ ಇಂಗ್ಲಿಷ್ ಬೇಕಿತ್ತು, ಅವರಿಗೆ ಫ್ರಾನ್ಸಿನಲ್ಲಿ ಬದುಕಬೇಕೆಂಬ ಕನಸಿತ್ತು. ಸೈನಿಕ ಸೇವೆ ಮುಗಿಸಿ 1900ರಲ್ಲಿ ಆಂದ್ರೆ ಅವರನ್ನೇ ಮದುವೆಯಾದರು. ಆ ದಾಂಪತ್ಯ 63 ವರ್ಷ ನಡೆಯಿತು. ಫ್ರಾನ್ಸಿನಲ್ಲಿ ನೆಲೆಸುವ ಎಡಿತರ ಕನಸು ಮಾತ್ರ ಬಹುಕಾಲ ಉಳಿಯಲಿಲ್ಲ.

ಕಾರಣ ಕೆಲಸ. ಷಾಂಪೇನ್ ಸೀಮೆಯ ರೀಮ್ಸ್ ನಗರದಲ್ಲಿ ಪೊಮ್ಮೆರಿ ಎಂಬ ಹೆಸರಾಂತ ವೈನ್ ಮನೆತನವಿದೆ. ಸುಣ್ಣಕಲ್ಲಿನ ಹಳೆಯ ಗಣಿಗಳನ್ನು ಒಂದಕ್ಕೊಂದು ಜೋಡಿಸಿ ನೆಲದಡಿಯಲ್ಲಿ ಸುಮಾರು 18 ಕಿ.ಮೀ. ಉದ್ದದ ತಂಪು ಸುರಂಗಗಳನ್ನು ಅವರು ಮಾಡಿಕೊಂಡಿದ್ದಾರೆ. ತಂದೆಯ ಪರಿಚಯದವರ ಮೂಲಕ ಆಂದ್ರೆ ಅಲ್ಲಿ ಕೆಲಸಕ್ಕೆ ಸೇರಿದರು. 1902ರಲ್ಲಿ ಮನೆತನ ಅವರನ್ನು ತನ್ನ ಏಜೆಂಟರನ್ನಾಗಿ ಲಂಡನ್ನಿಗೆ ಕಳುಹಿಸಿತು. ಮುಂದಿನ ಬದುಕೆಲ್ಲ ಇಂಗ್ಲೆಂಡಿನಲ್ಲೇ. ಆದರೆ ಅವರು ಫ್ರೆಂಚ್ ಪೌರತ್ವವನ್ನೂ ಬಿಡಲಿಲ್ಲ, ಇಂಗ್ಲಿಷ್ ಮಾತಿನಲ್ಲಿದ್ದ ಫ್ರೆಂಚ್ ಎಳೆತವನ್ನೂ ಬಿಡಲಿಲ್ಲ.

ಪತ್ರಕರ್ತನ ಆಸೆ ಒಳಗೇ ಉಳಿದಿತ್ತು. 1905ರಲ್ಲಿ ಇಂಗ್ಲೆಂಡಿನ ಷಾಂಪೇನ್ ವ್ಯಾಪಾರದ ಇತಿಹಾಸ ಬರೆದರು, ಅದರ ಬೆನ್ನಿಗೇ ಇಡೀ ವೈನ್ ವ್ಯಾಪಾರದ ಇತಿಹಾಸವನ್ನು ಮೂರು ಸಂಪುಟಗಳಲ್ಲಿ ಹೊರತಂದರು. 1908ರಲ್ಲಿ ವ್ಯಾಪಾರದ ಹುಡುಗರಿಗಾಗಿ ವೈನ್ ಟ್ರೇಡ್ ಕ್ಲಬ್ ಸ್ಥಾಪನೆಯಲ್ಲಿ ಕೈಜೋಡಿಸಿ, ಅಲ್ಲಿ ಉಪನ್ಯಾಸ ಕೊಟ್ಟು ರುಚಿ ನೋಡುವುದನ್ನು ಕಲಿಸಿದರು. ಅಲ್ಲಿಯ ತನಕ ಈ ವಿದ್ಯೆ ಯಜಮಾನರ ನಾಲಗೆಯಿಂದ ಗುಮಾಸ್ತರ ಕಿವಿಗೆ ಬಿದ್ದಷ್ಟೇ ಆಗಿತ್ತು.

1914ರಲ್ಲಿ ಮಹಾಯುದ್ಧ ಬಂತು. ಸೆಪ್ಟೆಂಬರ್ ತಿಂಗಳಲ್ಲಿ ಜರ್ಮನ್ ಗುಂಡಿಗೆ ರೀಮ್ಸಿನ ಪ್ರಧಾನಾಲಯ ಹೊತ್ತಿ ಉರಿಯಿತು; ಊರಿನ ಜನ ವೈನ್ ನೆಲಮಾಳಿಗೆಗಳಲ್ಲಿ ಆಶ್ರಯ ಪಡೆದರು, ಶಾಲೆಗಳೂ ಅಲ್ಲೇ ನಡೆದವು. ಐದು ಮಕ್ಕಳ ತಂದೆಯಾಗಿದ್ದ ಆಂದ್ರೆ ಫ್ರೆಂಚ್ ಸೈನ್ಯ ಸೇರಿ, ಬ್ರಿಟಿಷ್ ಪಡೆಗಳೊಂದಿಗೆ ಸಂಪರ್ಕದ ಕೆಲಸ ನಿರ್ವಹಿಸಿದರು.

ಯುದ್ಧ ಮುಗಿದ ಮೇಲೆ 1919ರಲ್ಲಿ ಸರ್ರೆ ಪ್ರಾಂತದಲ್ಲಿ ಕೆರೆಯ ದಂಡೆಯ ಲಿಟಲ್ ಹೆಜ್‌ಕೋರ್ಟ್ ಎಂಬ ಮನೆಯನ್ನು 28 ಎಕರೆ ಜಾಗದ ಸಮೇತ ಕೊಂಡರು. ಅಲ್ಲಿ ತೋಟ, ಕ್ರಿಕೆಟ್ ಮೈದಾನ, ಬಯಲು ರಂಗಮಂದಿರ ಎಲ್ಲವೂ ಆದವು. ಮನೆಯೊಳಗೊಂದು ಪ್ರಾರ್ಥನಾಲಯವೂ ಇತ್ತು. ಲಂಡನ್ನಿನ ಅವರ ವಸತಿ ವೆಸ್ಟ್‌ಮಿನ್‌ಸ್ಟರ್ ಪ್ರಧಾನಾಲಯದ ಪಕ್ಕದಲ್ಲೇ. ಅಲ್ಲಿ ದಿನವೂ ಪೂಜೆಗೆ ಹೋಗುವುದು ಅವರ ರೂಢಿ. ಮಕ್ಕಳಲ್ಲಿ ಒಬ್ಬ ಮಗ ಮತ್ತು ಒಬ್ಬ ಮಗಳು ಧಾರ್ಮಿಕ ಜೀವನವನ್ನು ಆರಿಸಿಕೊಂಡರು. ಮುಂಜಾನೆ ಪೀಠದ ಮೇಲೆ ಕಂಡ ದ್ರಾಕ್ಷಾರಸಕ್ಕೂ ಸಂಜೆ ಊಟದ ಮೇಜಿನ ಮೇಲೆ ಬರುವುದಕ್ಕೂ ಸಂಬಂಧವೇ ಇಲ್ಲ ಎಂದು ಅವರು ಎಣಿಸಿದವರಲ್ಲ. ಎರಡಕ್ಕೂ ಒಂದು ಕ್ರಮ ಬೇಕು, ಜತೆಗೆ ಜನ ಬೇಕು ಎಂಬುದು ಅವರ ನಡೆವಳಿಕೆಯಿಂದ ನಾವು ತಿಳಿದುಕೊಂಡದ್ದು.

ಹಳೆಯ ವೈನ್ ಎಂದರೇನು ಎಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ನಮ್ಮ ಮನೆಗಳಲ್ಲಿ ಕ್ರಿಸ್ಮಸ್ ಹಬ್ಬಕ್ಕೆಂದು ದ್ರಾಕ್ಷಿ, ಸಕ್ಕರೆ ಸೇರಿಸಿ ಭರಣಿಯಲ್ಲಿ ಹಾಕಿಡುವ ವೈನ್ ಕೆಲವು ವಾರಗಳಲ್ಲಿ ಸಿದ್ಧವಾಗುತ್ತದೆ, ಹಬ್ಬ ಮುಗಿಯುವುದರೊಳಗೆ ಖಾಲಿಯೂ ಆಗುತ್ತದೆ. ಯುರೋಪಿನಲ್ಲೂ ಹೆಚ್ಚಿನ ವೈನುಗಳ ಕತೆ ಇದೇ. ಒಂದೆರಡು ವರ್ಷದಲ್ಲಿ ಕುಡಿದು ಮುಗಿಸತಕ್ಕವು. ಬೋರ್ಡೊ ಸೀಮೆಯ ಒಳ್ಳೆಯ ಕೆಂಪು ವೈನ್, ಪೋರ್ಚುಗಲಿನ ವಿಂಟೇಜ್ ಪೋರ್ಟ್ ಇಂಥ ಕೆಲವು ಮಾತ್ರ ದಶಕಗಟ್ಟಲೆ ಕಾಯುತ್ತವೆ. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬರುವ ಒಗರು ಎಳೆಯ ವೈನಿನಲ್ಲಿ ನಾಲಗೆಯನ್ನು ಹಿಡಿದುಬಿಡುತ್ತದೆ, ಗೇರುಹಣ್ಣು ತಿಂದ ಹಾಗೆ. ಅದೇ ಒಗರು ವೈನನ್ನು ಕಾಪಾಡುವುದೂ ಹೌದು. ತಂಪಿನ, ಕತ್ತಲಿನ ನೆಲಮಾಳಿಗೆಯಲ್ಲಿ ಬಾಟಲಿಯನ್ನು ಮಲಗಿಸಿಟ್ಟರೆ ಬಿರಡೆ ಒಣಗದೆ ಒದ್ದೆಯಾಗಿಯೇ ಇರುತ್ತದೆ. ಒಳಗಿನ ಒಗರಿನ ಅಂಶ ವರ್ಷಗಳ ಮೇಲೆ ಬಣ್ಣದೊಂದಿಗೆ ಕೂಡಿಕೊಂಡು ಮಡ್ಡಿಯಾಗಿ ತಳಕ್ಕಿಳಿಯುತ್ತದೆ. ರುಚಿ ಮೆತ್ತಗಾಗುತ್ತದೆ, ಕಡುಗೆಂಪು ಬಣ್ಣ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಮ್ಯಾಗ್ನಂ ಎಂಬ ಒಂದೂವರೆ ಲೀಟರಿನ ದೊಡ್ಡ ಬಾಟಲಿಯಲ್ಲಿ ಈ ಕೆಲಸ ಇನ್ನೂ ನಿಧಾನ. ಬಡಿಸುವ ಮುನ್ನ ಬಾಟಲಿಯ ಕತ್ತಿನ ಹಿಂದೆ ಮೇಣದಬತ್ತಿ ಹಿಡಿದು, ಮಡ್ಡಿ ಕತ್ತಿಗೆ ಬರುವ ತನಕ ಮಾತ್ರ ಗಾಜಿನ ಹೂಜಿಗೆ ನಿಧಾನವಾಗಿ ಬಗ್ಗಿಸಬೇಕು.

ಇಷ್ಟಾದರೂ ಖಾತ್ರಿಯಿಲ್ಲ. ಬಿರಡೆ ಕೆಟ್ಟಿದ್ದರೆ 30 ವರ್ಷ ಕಾದದ್ದು ಹುಳಿಯಾಗಿರುತ್ತದೆ. ಚೆನ್ನಾಗಿದ್ದರೂ ತೆರೆದ ಬಾಟಲಿಯನ್ನು ನಾಳೆಗೆ ಇಡುವಂತಿಲ್ಲ. ತೀರಾ ಹಳೆಯದಾದರೆ ಗಂಟೆಯೊಳಗೇ ಸತ್ವ ಕಳೆದುಕೊಳ್ಳುವುದುಂಟು. ಹಾಗಾಗಿ ಅದನ್ನು ತೆರೆಯುವ ದಿನ ಮೇಜಿನ ಸುತ್ತ ಜನ ಇರಲೇಬೇಕು. ಹುಟ್ಟುಹಬ್ಬಕ್ಕೂ ಹಳೆಯ ವೈನಿಗೂ ನಂಟು ಬೆಳೆದದ್ದು ಹೀಗೆ. ಇಂಗ್ಲೆಂಡಿನ ಉಳ್ಳವರ ಮನೆಗಳಲ್ಲಿ ಮಗುವಿನ ಜ್ಞಾನಸ್ನಾನದ ಸಂದರ್ಭದಲ್ಲಿ ಧರ್ಮತಂದೆಯಾದವರು ಒಂದು ದೊಡ್ಡ ಪೀಪಾಯಿಯಷ್ಟು, ಎಂದರೆ ಸುಮಾರು 550 ಲೀಟರ್, ಪೋರ್ಟ್ ವೈನ್ ತೆಗೆದಿಡುವ ಪದ್ಧತಿಯಿತ್ತು. ಮಗುವಿಗೆ 21 ತುಂಬಿದ ದಿನ ಅದನ್ನು ತೆರೆಯುವುದು. ಅಷ್ಟರಲ್ಲಿ ಇಟ್ಟವರು ಇರುತ್ತಿದ್ದರೋ ಇಲ್ಲವೋ.

ಸಿಮೋನ್ ಅವರ ಮೊದಲ ದೊಡ್ಡ ಹುಟ್ಟುಹಬ್ಬದ ಕೂಟ ಅವರದ್ದಾಗಿರಲಿಲ್ಲ. ಜಾರ್ಜ್ ಸೇಂಟ್ಸ್‌ಬರಿ ಎಂಬ ಹಿರಿಯ ವಿಮರ್ಶಕರಿದ್ದರು. ಹುಟ್ಟಿದ್ದು 1845ರ ಅಕ್ಟೋಬರ್ 23ರಂದು ಅದೇ ಸೌತಾಂಪ್ಟನ್ನಿನಲ್ಲಿ. ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ 1895ರಿಂದ 1915ರ ತನಕ ಪ್ರಾಧ್ಯಾಪಕರಾಗಿದ್ದು ನಿವೃತ್ತಿಯ ಹೊತ್ತಿಗೆ ತಮ್ಮ ವೈನ್ ಸಂಗ್ರಹವನ್ನು ಬಿಟ್ಟುಕೊಟ್ಟಿದ್ದರು. ಬಾಟಲಿಗಳೆಲ್ಲ ಹೋದ ಮೇಲೆ, ತಾವು ಕುಡಿದ ಮತ್ತು ಗೆಳೆಯರಿಗೆ ಕುಡಿಸಿದ ವೈನುಗಳ ನೆನಪನ್ನು ಹಳೆಯ ಟಿಪ್ಪಣಿ ಪುಸ್ತಕದ ಸಹಾಯದಿಂದ ಬರೆದು 1920ರಲ್ಲಿ ಪ್ರಕಟಿಸಿದರು. ಖಾಲಿ ನೆಲಮಾಳಿಗೆಯ ಯಜಮಾನರು ಬರೆದ ಆ ಪುಸ್ತಕ ಇಂಗ್ಲಿಷಿನಲ್ಲಿ ವೈನ್ ಬರವಣಿಗೆಗೆ ಹೊಸ ದಾರಿ ತೋರಿಸಿತು.

ಆ ವೃದ್ಧರನ್ನು ಗೌರವಿಸಲು ಸಿಮೋನ್ ಮತ್ತು ಗೆಳೆಯರು 1931ರಲ್ಲಿ ಸೇಂಟ್ಸ್‌ಬರಿ ಕ್ಲಬ್ ಆರಂಭಿಸಿದರು. ಐವತ್ತು ಮಂದಿ ಸದಸ್ಯರು. ಅರ್ಧದಷ್ಟು ಸಾಹಿತ್ಯದವರು, ಅರ್ಧದಷ್ಟು ವೈನ್ ಬಲ್ಲವರು. ಕೂಟ ವರ್ಷಕ್ಕೆ ಎರಡೇ ಬಾರಿ: ಸಂತ ಜಾರ್ಜರ ಹಬ್ಬವಾದ ಏಪ್ರಿಲ್ 23 ಮತ್ತು ಸೇಂಟ್ಸ್‌ಬರಿಯವರ ಹುಟ್ಟುಹಬ್ಬವಾದ ಅಕ್ಟೋಬರ್ 23. ಜಾಗ ಲಂಡನ್ನಿನ ವೈನ್ ವರ್ತಕರ ಹಳೆಯ ಸಂಘದ ಸಭಾಂಗಣ, ವಿಂಟ್ನರ್ಸ್ ಹಾಲ್. ನಮಗೆ ಇಷ್ಟವಾದ ನಿಯಮವೆಂದರೆ, ಕ್ಲಬ್ಬಿನ ನೆಲಮಾಳಿಗೆಗೆ ಸದಸ್ಯರೇ ತಮ್ಮ ಮನೆಯ ಹಳೆಯ ಬಾಟಲಿಗಳನ್ನು ತಂದು ಕೊಡಬೇಕು. ಕೊಟ್ಟದ್ದನ್ನು ಎಲ್ಲರೂ ಹಂಚಿಕೊಳ್ಳುವುದು. ನಾನು ತಂದದ್ದು, ನೀನು ತಂದದ್ದು ಎಂಬ ಲೆಕ್ಕ ಮೇಜಿನ ಮೇಲಿಲ್ಲ.

ಯಾರ ಹೆಸರಿನಲ್ಲಿ ಕೂಟವೋ ಆ ಸೇಂಟ್ಸ್‌ಬರಿ ಒಮ್ಮೆಯೂ ಬರಲಿಲ್ಲ. ಬಾತ್ ನಗರದಲ್ಲಿ ಹಾಸಿಗೆ, ಪುಸ್ತಕಗಳ ನಡುವೆ ಇದ್ದವರಿಗೆ ಲಂಡನ್ನಿಗೆ ಬರುವ ಶಕ್ತಿಯಿರಲಿಲ್ಲ. 1933ರ ಜನವರಿಯಲ್ಲಿ ತಮ್ಮ 87ನೇ ವಯಸ್ಸಿನಲ್ಲಿ ನಿಧನರಾದರು. ಹುಟ್ಟುಹಬ್ಬದ ಊಟ ನಿಲ್ಲಲಿಲ್ಲ. ಇಲ್ಲದವರ ಹುಟ್ಟುಹಬ್ಬವನ್ನು ಇರುವವರ ಬಾಟಲಿಗಳಿಂದ ಆಚರಿಸುವುದು ಹೇಗೆಂದು ಸಿಮೋನ್ ಕಲಿತದ್ದು ಇಲ್ಲೇ ಇರಬೇಕು.

ಅದೇ ಸಮಯದಲ್ಲಿ ಅವರ ಸ್ವಂತ ಬದುಕು ಕುಸಿಯುತ್ತಿತ್ತು. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಚಿನ್ನದ ಮಾನವನ್ನು ಕೈಬಿಟ್ಟಿತು, ಪೌಂಡಿನ ಬೆಲೆ ಬಿತ್ತು. ಫ್ರಾನ್ಸಿನಿಂದ ತರಿಸುವ ಷಾಂಪೇನ್ ತುಟ್ಟಿಯಾಯಿತು, ಕೊಳ್ಳುವವರ ಕೈಯಲ್ಲಿ ಹಣವಿರಲಿಲ್ಲ. ಸುಮಾರು 33 ವರ್ಷಗಳ ಪೊಮ್ಮೆರಿ ಸಂಬಂಧ ಕಹಿಯಾಗಿ ಮುರಿದುಬಿತ್ತು. 55 ದಾಟಿದ ಮನುಷ್ಯ, ದೊಡ್ಡ ಸಂಸಾರ, ಕೈಯಲ್ಲಿ ಕೆಲಸವಿಲ್ಲ. ಆ ವಯಸ್ಸಿನಲ್ಲಿ ಕೆಲಸ ಕಳೆದುಕೊಂಡವರ ಮನೆಯ ಮೌನ ಹೇಗಿರುತ್ತದೆಂದು ವಿದೇಶದಿಂದ ಏಕಾಏಕಿ ಮರಳಿ ಬಂದವರಿರುವ ನಮ್ಮ ಕುಟುಂಬಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಾರಲು ವೈನ್ ಇಲ್ಲದವರ ಬಳಿ ಉಳಿದದ್ದು ಗೆಳೆಯರು ಮತ್ತು ತಿಳುವಳಿಕೆ. ಪುಸ್ತಕ ಸಂಗ್ರಾಹಕರಾಗಿದ್ದ ಕಿರಿಯ ಗೆಳೆಯ ಎ.ಜೆ.ಎ. ಸೈಮನ್ಸ್ ಜತೆ ಸೇರಿ 1933ರಲ್ಲಿ ವೈನ್ ಅಂಡ್ ಫುಡ್ ಸೊಸೈಟಿ ಸ್ಥಾಪಿಸಿದರು. ಎಡಿತರ ತವರಿನ ಹೆಸರೂ ಇದೇ ಆದರೂ ಇವರು ಬೇರೆಯವರು. ಆ ನವೆಂಬರಿನಲ್ಲಿ ಲಂಡನ್ನಿನ ಕೆಫೆ ರಾಯಲ್‌ನಲ್ಲಿ ಫ್ರಾನ್ಸಿನ ಅಲ್ಸಾಸ್ ಸೀಮೆಯ ಅಡುಗೆ ಮತ್ತು ವೈನುಗಳ ಮಧ್ಯಾಹ್ನದ ಊಟದೊಂದಿಗೆ ಅದರ ಕಾರ್ಯಕ್ರಮಗಳು ಶುರುವಾದವು. ಲಕ್ಷಾಂತರ ಜನ ನಿರುದ್ಯೋಗಿಗಳಾಗಿರುವಾಗ ಊಟ-ವೈನಿಗೊಂದು ಸಂಘವೇ ಎಂದು ಪತ್ರಿಕೆಗಳಲ್ಲಿ ಟೀಕೆಗಳು ಬಂದವು. ಆ ಟೀಕೆಯಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಸವಿಯಾದ ಊಟ ಎಲ್ಲರಿಗೂ ಸಲ್ಲಬೇಕೆಂಬುದು ಸಿಮೋನ್ ಅವರ ಪ್ರಾಮಾಣಿಕ ನಂಬಿಕೆಯೇ ಆಗಿದ್ದರೂ, ಕೆಫೆ ರಾಯಲ್‌ನ ಊಟ ಗಣಿ ಕಾರ್ಮಿಕರ ಕೈಗೆಟಕುವಂಥದ್ದಲ್ಲ. ಆದರೆ ಸಂಘ ಕಟ್ಟಿದವರೂ ಆಗಷ್ಟೇ ನಿರುದ್ಯೋಗಿಯಾದವರೇ ಎಂಬುದು ಟೀಕಾಕಾರರಿಗೆ ತಿಳಿದಿರಲಿಕ್ಕಿಲ್ಲ.

ಸಂಘ ಬೆಳೆಯಿತು. 1934ರಲ್ಲಿ ಸಿಮೋನ್ ಸಂಪಾದಕತ್ವದಲ್ಲಿ ಅದರ ತ್ರೈಮಾಸಿಕ ಪತ್ರಿಕೆ ಹೊರಟಿತು. ಅಮೆರಿಕದಲ್ಲಿ ಪಾನನಿಷೇಧ 1933ರ ಡಿಸೆಂಬರಿನಲ್ಲಿ ಕೊನೆಗೊಂಡಿತ್ತು. ಮರುವರ್ಷ ಸಿಮೋನ್ ಅಲ್ಲಿಗೆ ಹೋಗಿ ಬೋಸ್ಟನ್ನಿನಲ್ಲಿ ಮೊದಲ ಶಾಖೆ ತೆರೆದರು. 13 ವರ್ಷಗಳ ನಿಷೇಧದಲ್ಲಿ ಕದ್ದು ಕುಡಿಯುವುದನ್ನಷ್ಟೇ ಕಲಿತಿದ್ದ ಜನರಿಗೆ ಊಟದ ಜತೆ ಒಂದು ಗ್ಲಾಸು ವೈನನ್ನು ಕೂತು ಸವಿಯುವುದನ್ನು ಹೇಳಿಕೊಡಬೇಕಾಗಿತ್ತು. ಅಮಲಿಗಾಗಿ ಕುಡಿಯುವುದು ಸಿಮೋನ್ ಅವರಿಗೆ ಆಗದ ವಿಷಯ. ಪೆಟ್ಟಿಗೆ ಲೆಕ್ಕದಲ್ಲಿ ಬಾಟಲಿ ಇಳಿಸುವ ನಮ್ಮ ಕೆಲವು ಸಮಾರಂಭಗಳನ್ನು ಅವರು ಕಂಡಿದ್ದರೆ ಏನೆನ್ನುತ್ತಿದ್ದರೋ.

ಎರಡನೇ ಮಹಾಯುದ್ಧದ ಕಾಲ ಇನ್ನೂ ವಿಚಿತ್ರ. 1940ರ ಜನವರಿಯಿಂದ ಬ್ರಿಟನ್ನಿನಲ್ಲಿ ಬೆಣ್ಣೆ, ಸಕ್ಕರೆಗೆ ರೇಷನ್. ಅದೇ ವರ್ಷಗಳಲ್ಲಿ ಸಿಮೋನ್ ಆಹಾರ ವಿಶ್ವಕೋಶವನ್ನು ಕಂತುಕಂತಾಗಿ ಬರೆದು ಪ್ರಕಟಿಸುತ್ತಿದ್ದರು. ಮಾಂಸದ ವಿಭಾಗ ಓದುತ್ತಿದ್ದವರ ತಟ್ಟೆಯಲ್ಲಿ ಮಾಂಸ ಅಷ್ಟಕ್ಕಷ್ಟೇ. 1941ರಲ್ಲಿ ಜತೆಗಾರ ಸೈಮನ್ಸ್ ಕೇವಲ 41ನೇ ವಯಸ್ಸಿನಲ್ಲಿ ತೀರಿಕೊಂಡರು. ಸಂಘದ ಭಾರ 64ರ ಸಿಮೋನ್ ಅವರ ಮೇಲೆ ಬಿತ್ತು.

ಆಮೇಲಿನ ಇಪ್ಪತ್ತು ವರ್ಷ ಅವರು ಪ್ರವಾಸ, ಬರವಣಿಗೆ, ಊಟದ ಕೂಟಗಳಲ್ಲೇ ಕಳೆದರು. ಫ್ರಾನ್ಸ್ ಮತ್ತು ಬ್ರಿಟನ್ ಎರಡೂ ದೇಶಗಳ ಸರ್ಕಾರಗಳು ಅವರನ್ನು ಗೌರವಿಸಿದವು. 80 ದಾಟಿದ ಮೇಲೂ ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲಿನ ದ್ರಾಕ್ಷಿ ತೋಟಗಳನ್ನು ಸುತ್ತಿ ಪುಸ್ತಕ ಬರೆದರು. 1963ರಲ್ಲಿ ಎಡಿತ್ ಅಗಲಿದರು. ಪತ್ನಿಯ ನೆನಪಿಗಾಗಿ ಸಿಮೋನ್ ಮಾಡಿದ ಕೆಲಸ ನಮ್ಮ ಮನಸ್ಸಿನಲ್ಲಿ ಉಳಿಯುವಂಥದ್ದು: ಒಂದು ಕಾಲದಲ್ಲಿ ತಾವೇ ಕಟ್ಟಿ ಮುಂದೆ ಕೈಬಿಟ್ಟಿದ್ದ ಲಿಟಲ್ ಹೆಜ್‌ಕೋರ್ಟಿನ ಕೆರೆದಂಡೆಯ ಬಯಲು ರಂಗಮಂದಿರವನ್ನು ಮರಳಿ ಖರೀದಿಸಿ, ಪಕ್ಷಿ-ಪ್ರಾಣಿಗಳ ಆಶ್ರಯತಾಣವಾಗಲೆಂದು ಸರ್ರೆಯ ನಿಸರ್ಗಪ್ರಿಯರ ಟ್ರಸ್ಟಿಗೆ ದಾನ ಮಾಡಿದರು.

ಕೊನೆಯ ವರ್ಷಗಳಲ್ಲಿ ದೃಷ್ಟಿ ಹೋಯಿತು. ವೈನಿನ ಬಣ್ಣ ನೋಡಿ ಅದರ ವಯಸ್ಸು ಅಂದಾಜಿಸುತ್ತಿದ್ದ ಕಣ್ಣುಗಳಿಗೆ ಈಗ ಪರಿಮಳ, ರುಚಿ ಮಾತ್ರ ದಾರಿ. 1969ರಲ್ಲಿ, ತೊಂಬತ್ತೆರಡರ ಆ ಕತ್ತಲಲ್ಲೇ, ಮುಸ್ಸಂಜೆ ಎಂಬರ್ಥದ ಹೆಸರಿನ ಕೊನೆಯ ಆತ್ಮಕಥನ ಹೊರತಂದರು. 1970ರ ಸೆಪ್ಟೆಂಬರ್ 5ರಂದು 93ನೇ ವಯಸ್ಸಿನಲ್ಲಿ ದೈವಾಧೀನರಾದರು.

ಸಾಯುವಾಗ ನೆಲಮಾಳಿಗೆಯಲ್ಲಿ ವೈನ್ ಉಳಿಸಿ ಹೋಗುವವರು ಬೇಗನೇ ಸತ್ತರೆಂದೇ ಲೆಕ್ಕ ಎಂಬುದು ಸಿಮೋನ್ ಅವರ ಪ್ರಸಿದ್ಧ ನಿಲುವು. ಅವರ ಸ್ವಂತ ನೆಲಮಾಳಿಗೆಯ ಬಾಗಿಲು ತೆರೆದಾಗ ಬೋರ್ಡೊದ ಕೆಂಪು ವೈನಿನ ಎರಡು ಮ್ಯಾಗ್ನಂ ಬಾಟಲಿಗಳು ಮಾತ್ರ ಸಿಕ್ಕಿದವಂತೆ. ಉಳಿದದ್ದೆಲ್ಲ ಗೆಳೆಯರ ಜತೆ ಖರ್ಚಾಗಿತ್ತು. ನೂರನೇ ಹುಟ್ಟುಹಬ್ಬಕ್ಕೆಂದು ಬದಿಗಿಟ್ಟ ಪಾಲಿನ ಲೆಕ್ಕ ಬೇರೆ, ಅದು ಅವರದ್ದಾಗಿರಲಿಲ್ಲ.

ಆ ದಿನಕ್ಕೆ ಅವರು 1945ರ ಲಾತೂರನ್ನು ಆರಿಸಿದ್ದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಪೊಯಾಕ್ ಎಂಬ ಊರಿನ ಈ ತೋಟ 1855ರ ವರ್ಗೀಕರಣದಲ್ಲೇ ಮೊದಲ ದರ್ಜೆ ಪಡೆದದ್ದು. ನಿಧಾನವಾಗಿ ಮಾಗುವ, ದೀರ್ಘಾಯುಷಿ ವೈನಿಗೆ ಹೆಸರಾದದ್ದು. 1945ರ ಮೇ ತಿಂಗಳ ಆರಂಭದಲ್ಲಿ, ಯುರೋಪಿನಲ್ಲಿ ಯುದ್ಧ ಮುಗಿಯಲು ಕೆಲವೇ ದಿನಗಳಿರುವಾಗ, ಬೋರ್ಡೊದಲ್ಲಿ ಮಂಜು ಸುರಿದು ಚಿಗುರುಗಳನ್ನು ಸುಟ್ಟುಹಾಕಿತು. ಬಳಿಕ ಬಂದದ್ದು ಮಳೆಯಿಲ್ಲದ ಕಡು ಬೇಸಗೆ. ಬಳ್ಳಿಯಲ್ಲಿ ಉಳಿದದ್ದು ಸ್ವಲ್ಪವೇ ಹಣ್ಣು, ಅದೂ ದಪ್ಪ ಸಿಪ್ಪೆಯ ಗಟ್ಟಿ ಹಣ್ಣು. ಆ ವರ್ಷದ ವೈನ್ ಎಷ್ಟು ಒಗರಾಗಿತ್ತೆಂದರೆ ಹತ್ತಿಪ್ಪತ್ತು ವರ್ಷ ಮುಟ್ಟುವಂತಿರಲಿಲ್ಲ. ಅದನ್ನು ಹಣ ಕೊಟ್ಟು ತೆಗೆದಿಡುವ ಎಪ್ಪತ್ತರ ಆಸುಪಾಸಿನ ಮನುಷ್ಯನಿಗೆ, ಅದು ಮಾಗುವ ಹೊತ್ತಿಗೆ ತಾನಿರುವುದು ಅನುಮಾನ ಎಂಬುದು ಗೊತ್ತೇ ಇರುತ್ತದೆ.

ಸವಾಯ್ ಹೋಟೆಲಿನಲ್ಲಿ ಸೇರಿದ 400 ಮಂದಿಯಲ್ಲಿ ಒಬ್ಬೊಬ್ಬರ ಪಾಲಿಗೆ ಬಂದದ್ದು ಹೆಚ್ಚೇನೂ ಇರಲಾರದು. ಮರುವರ್ಷ, 1978ರಲ್ಲಿ, ಆಹಾರ ಮತ್ತು ಪಾನೀಯ ಕುರಿತ ಉತ್ತಮ ಪುಸ್ತಕಗಳಿಗೆ ಆಂದ್ರೆ ಸಿಮೋನ್ ಹೆಸರಿನಲ್ಲಿ ಪ್ರಶಸ್ತಿ ಕೊಡುವ ಪರಿಪಾಠ ಲಂಡನ್ನಿನಲ್ಲಿ ಆರಂಭವಾಯಿತು.